ಕಾವೇರಿ ದಂಡೆಯ ಮುನ್ನೂರು ಗೋರಿಗಳು

ಶ್ರೀರಂಗಪಟ್ಟಣಕ್ಕೆ ಬಂದವರ ಕಿವಿಗೆ ಸ್ಕಾಟ್ ಬಂಗಲೆಯ ಕಥೆ ಒಮ್ಮೆಯಾದರೂ ಬಿದ್ದೇ ಬೀಳುತ್ತದೆ. ಕಾವೇರಿಯ ದಡದಲ್ಲಿ ಕರ್ನಲ್ ಸ್ಕಾಟ್ ಎಂಬ ಇಂಗ್ಲಿಷ್ ಸೇನಾಧಿಕಾರಿಯ ಮನೆ. 1817ರಲ್ಲೊಂದು ದಿನ ಮನೆಗೆ ಮರಳಿ ನೋಡುತ್ತಾನೆ, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ಕಾಲರಾಕ್ಕೆ ತುತ್ತಾಗಿದ್ದಾರೆ. ಆ ದುಃಖದಲ್ಲಿ ಹೊಳೆಗಿಳಿದವನು ಮತ್ತೆ ಮೇಲೆ ಬರಲಿಲ್ಲ. ಅವನು ಎಂದಾದರೂ ಬಂದಾನೆಂದು ಮೈಸೂರಿನ ಅರಸರು ಮನೆಯ ಮೇಜು, ಕುರ್ಚಿ, ಮಂಚವನ್ನೆಲ್ಲ ಇದ್ದಲ್ಲೇ ಇರಿಸಿ ಕಾಯಿಸಿದರಂತೆ. 1870ರ ದಶಕದಲ್ಲಿ ವಾಲ್ಟರ್ ಯೆಲ್ಡಮ್ ಎಂಬ ಇಂಗ್ಲಿಷ್ ಕವಿ ಈ ಪಾಳುಮನೆಯ ಮೇಲೆ ಪದ್ಯ ಬರೆದ ಮೇಲಂತೂ ಕಥೆಗೆ ರೆಕ್ಕೆಪುಕ್ಕ ಮೂಡಿತು. ದೆವ್ವದ ಬಂಗಲೆ ಎಂಬ ಖ್ಯಾತಿಯೂ ಸೇರಿಕೊಂಡಿತು.

ಕಥೆ ಸೊಗಸಾಗಿದೆ. ಅದು ನಡೆದದ್ದು ಮಾತ್ರ ಹಾಗಲ್ಲ.

ಶ್ರೀರಂಗಪಟ್ಟಣದ ಸೇನಾ ಕಮಾಂಡೆಂಟ್ ಆಗಿದ್ದ ಸ್ಕಾಟ್‌ನ ಹೆಂಡತಿ ಕ್ಯಾರೊಲಿನ್ ಇಸಬೆಲ್ಲಾ ಸ್ಕಾಟ್ 1817ರ ಏಪ್ರಿಲ್ 19ರಂದು ಹೆರಿಗೆಯಲ್ಲಿ ತೀರಿಕೊಂಡಳು. ಅವಳನ್ನು ಮಣ್ಣು ಮಾಡಿದ್ದು ಊರಾಚೆ ಹೊಳೆಯ ಪಕ್ಕದಲ್ಲಿರುವ ಗ್ಯಾರಿಸನ್ ಸ್ಮಶಾನದಲ್ಲಿ. ತಾರೀಖನ್ನು ಇನ್ನಷ್ಟು ಗಮನಿಸಿದರೆ ಕಾಲರಾದ ಮಾತೂ ಸಡಿಲವಾಗುತ್ತದೆ. ದೇಶವನ್ನೇ ನಡುಗಿಸಿದ ಆ ಕಾಲರಾ ಬಂಗಾಳದ ಜೆಸ್ಸೋರ್‌ನಲ್ಲಿ ಕಾಣಿಸಿಕೊಂಡದ್ದು 1817ರ ಆಗಸ್ಟ್‌ನಲ್ಲಿ. ದಕ್ಷಿಣಕ್ಕೆ ಇಳಿದದ್ದು ಮರುವರ್ಷ. ಏಪ್ರಿಲ್‌ನಲ್ಲಿ ಸತ್ತ ಬಾಣಂತಿಯನ್ನು ಆ ಮಹಾಮಾರಿಯ ಲೆಕ್ಕಕ್ಕೆ ಬರೆದವರು ಪಂಚಾಂಗ ನೋಡಿರಲಿಲ್ಲ. ಕರ್ನಲ್ ಹೊಳೆ ಪಾಲಾದನೆಂಬ ಮಾತಿಗೂ ದಂತಕಥೆಯನ್ನು ಬಿಟ್ಟರೆ ಬೇರೆ ಆಧಾರವಿಲ್ಲ. ಹೆರಿಗೆಯಲ್ಲಿ ಹೆಣ್ಣೊಬ್ಬಳು ಸಾಯುವುದು ಆ ಕಾಲಕ್ಕೆ ಪದ್ಯ ಕಟ್ಟುವಷ್ಟು ವಿಶೇಷವಾಗಿರಲಿಲ್ಲವೋ ಏನೋ, ಕಾಲರಾವನ್ನೂ ಹೊಳೆಯನ್ನೂ ಕರೆತರಬೇಕಾಯಿತು.

ಬಂಗಲೆಯನ್ನು ಹುಡುಕಿಕೊಂಡು ಹೋಗುವವರಲ್ಲಿ ಗೋರಿಯ ಕಡೆ ತಿರುಗುವವರು ಕಡಿಮೆ. ಗ್ಯಾರಿಸನ್ ಸ್ಮಶಾನ ಹಳೆಯ ಬೆಂಗಳೂರು–ಮೈಸೂರು ರಸ್ತೆಯಿಂದ ಕೂಗಳತೆಯಲ್ಲೇ ಇದೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ ವಾಹನಗಳು ಬೈಪಾಸ್ ಹಿಡಿದ ಮೇಲೆ ಊರೊಳಗೆ ಬರುವವರೇ ಲೆಕ್ಕ ಹಾಕಿ ಬರುತ್ತಾರೆ. ಬಂದವರಿಗೆ ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್, ಸಂಗಮ ಮುಗಿಸುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಕಾವೇರಿಯ ದಂಡೆಯಲ್ಲಿ, ಗದ್ದೆಬಯಲಿನ ಸೆರಗಿನಲ್ಲಿ, ಗೋಡೆಯೊಳಗೆ ಮುನ್ನೂರಕ್ಕೂ ಸ್ವಲ್ಪ ಹೆಚ್ಚು ಗೋರಿಗಳು. ಇಟ್ಟಿಗೆ ಗಾರೆಯಲ್ಲಿ ಕಟ್ಟಿ ಸುಣ್ಣ ಬಳಿದ ಚೌಕಟ್ಟೆಗಳು, ಮೊನಚು ಕಂಬಗಳು, ಪುಟ್ಟ ಮಂಟಪಗಳು. ಇದು ಸಣ್ಣ ಜಾಗ. ಆದರೆ ಮೈಸೂರು ಸೀಮೆಯ ಅರವತ್ತು ವರ್ಷಗಳ ಒಂದು ಅಧ್ಯಾಯ ಇಷ್ಟು ಒತ್ತಾಗಿ ಕಲ್ಲಿನ ಮೇಲೆ ಸಿಗುವುದು ಇಲ್ಲೇ.

ಈ ಸ್ಮಶಾನದ ಬಗ್ಗೆ ಮತ್ತೊಂದು ತಪ್ಪು ತಿಳಿವಳಿಕೆ ಚಾಲ್ತಿಯಲ್ಲಿದೆ. 1799ರ ಮೇ 4ರಂದು ಕೋಟೆಗೆ ಲಗ್ಗೆ ಹಾಕುವಾಗ ಸತ್ತ ಯುರೋಪಿಯನ್ನರು ಇಲ್ಲಿ ಮಲಗಿದ್ದಾರೆ ಎಂದು ಪ್ರವಾಸಿ ಬರಹಗಳು ಒಂದನ್ನೊಂದು ನೋಡಿ ಬರೆದುಕೊಂಡಿವೆ. ಆದರೆ ಇಲ್ಲಿ ಹೂಳುವ ಕೆಲಸ ಶುರುವಾದದ್ದು 1800ರ ಸುಮಾರಿಗೆ, ನಡೆದದ್ದು 1860ರ ಆಸುಪಾಸಿನವರೆಗೆ. ಗೋರಿಗಳಲ್ಲಿ ಎಂಬತ್ತರಷ್ಟು ಸೇನೆಯವರದ್ದು, ಮಿಕ್ಕವು ಅವರ ಮನೆಯವರದ್ದು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಅಂದರೆ ಇದು ಯುದ್ಧದ ಸ್ಮಶಾನಕ್ಕಿಂತ ಹೆಚ್ಚಾಗಿ ಯುದ್ಧ ಗೆದ್ದು ಕುಳಿತವರ ಸ್ಮಶಾನ. ಗೆದ್ದ ಊರು ಅವರನ್ನು ಹೇಗೆ ನಡೆಸಿಕೊಂಡಿತು ಎಂಬುದರ ಲೆಕ್ಕಪತ್ರ ಇಲ್ಲಿದೆ.

ಇವರಲ್ಲಿ ಕುತೂಹಲ ಹುಟ್ಟಿಸುವವರು ಇಂಗ್ಲಿಷರಲ್ಲ, ಡಿ ಮ್ಯೂರಾನ್ ರೆಜಿಮೆಂಟಿನವರು. ಶಾರ್ಲ್ ದಾನಿಯೆಲ್ ಡಿ ಮ್ಯೂರಾನ್ ಎಂಬಾತ 1781ರಲ್ಲಿ ನ್ಯೂಶಾಟೆಲ್‌ನಲ್ಲಿ ಕಟ್ಟಿದ ಬಾಡಿಗೆ ಪಡೆ ಅದು. ನ್ಯೂಶಾಟೆಲ್ ಇಂದು ಸ್ವಿಟ್ಜರ್ಲೆಂಡಿನ ಭಾಗ. ಆಗ ಪ್ರಷ್ಯಾದ ದೊರೆಯ ಅಧೀನ. ಅಲ್ಲಿಯ ಸೈನಿಕರು ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಸಂಬಳಕ್ಕೆ ಮೊದಲು ಆಫ್ರಿಕಾದ ತುದಿಯ ಕೇಪ್‌ನಲ್ಲಿ, ಆಮೇಲೆ ಸಿಲೋನಿನಲ್ಲಿ ಕಾವಲಿದ್ದರು. 1795ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹ್ಯೂ ಕ್ಲೆಗಾರ್ನ್ ಬ್ರಿಟಿಷರ ಪರವಾಗಿ ಶಾರ್ಲ್‌ನ ಜೊತೆ ಕುದುರಿಸಿದ ವ್ಯಾಪಾರದಲ್ಲಿ ಇಡೀ ರೆಜಿಮೆಂಟೇ ಯಜಮಾನರನ್ನು ಬದಲಾಯಿಸಿತು. ಈ ಸುದ್ದಿಯನ್ನು ಡಚ್ಚರ ಕಣ್ಣುತಪ್ಪಿಸಿ ಕೊಲಂಬೊದಲ್ಲಿದ್ದ ತಮ್ಮನಿಗೆ ಮುಟ್ಟಿಸಲು ಪತ್ರವನ್ನು ಚೀಸ್ ಗಡ್ಡೆಯೊಳಗೆ ಅಡಗಿಸಿ ಕಳಿಸಿದರು ಎಂಬ ಕಥೆ ಇಂದಿಗೂ ಪ್ರಸಿದ್ಧ. ನಾಲ್ಕು ವರ್ಷಗಳ ನಂತರ ಅದೇ ಪಡೆ ಟಿಪ್ಪುವಿನ ಕೋಟೆಯ ಎದುರು ನಿಂತಿತ್ತು. ಮೈಸೂರಿನ ಮೇಲೆ ಅವರಿಗೆ ಹಗೆ ಇರಲಿಲ್ಲ, ಇಂಗ್ಲೆಂಡಿನ ಮೇಲೆ ಮಮತೆಯೂ ಇರಲಿಲ್ಲ, ತಿಂಗಳ ಸಂಬಳವಿತ್ತು. 1806ರಲ್ಲಿ ರೆಜಿಮೆಂಟ್ ಭಾರತ ಬಿಟ್ಟಿತು. ಮುಂದೆ ಮೆಡಿಟರೇನಿಯನ್ ದಾಟಿ ಕೆನಡಾಕ್ಕೆ ಹೋಗಿ ಅಮೆರಿಕನ್ನರ ಮೇಲೂ ಕಾದಿತು. 1816ರಲ್ಲಿ ಬರಖಾಸ್ತಾದಾಗ ಅದರ ಕೆಲವರು ಇಂದಿನ ವಿನ್ನಿಪೆಗ್ ಊರಿರುವ ರೆಡ್ ರಿವರ್ ಬಯಲಿನಲ್ಲಿ ಜಮೀನು ಹಿಡಿದರು. ಆ ಪ್ರಯಾಣವನ್ನು ಕಾವೇರಿಯ ದಡದಲ್ಲೇ ಮುಗಿಸಿದವರು ಈ ಗೋಡೆಯೊಳಗೆ ಉಳಿದರು.

ಕೊಂದದ್ದು ಯಾರು? ಗುಂಡಿಗಿಂತ ಹೆಚ್ಚಾಗಿ ಚಳಿಜ್ವರ.

ಕೋಟೆ ಬಿದ್ದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ಕಂಪನಿಯ ದಂಡು ದ್ವೀಪದಲ್ಲೇ ಬೀಡುಬಿಟ್ಟಿತು. 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಮನೆಗಳನ್ನು ಎಣಿಸಿ, ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದರೆನ್ನಲಾದ ದ್ವೀಪದಲ್ಲಿ ಈಗ ಸುಮಾರು 32 ಸಾವಿರ ಜನ ಉಳಿದಿದ್ದಾರೆಂದು ಅಂದಾಜು ಮಾಡಿದ. ಸುತ್ತ ಹೊಳೆ, ನಾಲೆ, ನಿಂತ ನೀರಿನ ಗದ್ದೆ, ಕೋಟೆಯ ಕಂದಕ. ಸೊಳ್ಳೆಗೆ ಇದಕ್ಕಿಂತ ಒಳ್ಳೆಯ ಠಾವು ಬೇಕೆ? ಆಗಿನ ವೈದ್ಯರು ಮಾತ್ರ ಕೆಟ್ಟ ಗಾಳಿಯನ್ನು ದೂರುತ್ತಿದ್ದರು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಅಷ್ಟು ಹೊತ್ತಿಗೆ ಈ ಸ್ಮಶಾನ ಬಾಗಿಲು ಮುಚ್ಚಿ ದಶಕಗಳೇ ಕಳೆದಿದ್ದವು. ಜ್ವರ ತಾಳಲಾರದೆ 1809ರ ಹೊತ್ತಿಗೆ ದಂಡಿನ ಮುಖ್ಯ ಭಾಗ ಬೆಂಗಳೂರಿಗೆ ಹೋಯಿತು. ಹಲಸೂರಿನ ಮಗ್ಗುಲಲ್ಲಿ ಕಂಟೋನ್ಮೆಂಟ್ ಎದ್ದದ್ದು ಹಾಗೆ. ಇಂದಿನ ಎಂ.ಜಿ. ರಸ್ತೆ, ಕಮರ್ಷಿಯಲ್ ಸ್ಟ್ರೀಟಿನ ಬೆಂಗಳೂರು ಹುಟ್ಟಿದ್ದರಲ್ಲಿ ಶ್ರೀರಂಗಪಟ್ಟಣದ ಸೊಳ್ಳೆಯ ಪಾಲೂ ಇದೆ ಎಂದರೆ ಉತ್ಪ್ರೇಕ್ಷೆಯೇನಲ್ಲ. ಬಂದೂಕು ಹೊತ್ತವರ ಜೊತೆ ಬಂದ ಹೆಂಗಸರು, ಮಕ್ಕಳು ಈ ಹವೆಗೆ ಇನ್ನೂ ಬೇಗ ಬಲಿಯಾದರು. ಭಾರತಕ್ಕೆ ಬಂದ ಯುರೋಪಿಯನ್ನನ ಆಯಸ್ಸು ಎರಡು ಮಳೆಗಾಲ ಎಂಬ ಮಾತೇ ಆಗ ಇತ್ತು. 1976ರಲ್ಲಿ ಥಿಯಾನ್ ವಿಲ್ಕಿನ್ಸನ್ ಭಾರತದಲ್ಲಿರುವ ಯುರೋಪಿಯನ್ನರ ಗೋರಿಗಳ ಬಗ್ಗೆ ಬರೆದ ಪುಸ್ತಕಕ್ಕೆ ‘ಟು ಮಾನ್ಸೂನ್ಸ್’ ಎಂದು ಹೆಸರಿಟ್ಟದ್ದು ಅದಕ್ಕೇ.

ಇಲ್ಲಿ ಯಾರಿದ್ದಾರೆ ಎಂದು ಕೇಳಿದ ಮೇಲೆ ಯಾರಿಲ್ಲ ಎಂದೂ ಕೇಳಬೇಕು. ಮೇ 4ರ ಮಧ್ಯಾಹ್ನ ಕೋಟೆಯೊಳಗೆ ಸತ್ತ ಮೈಸೂರಿನ ಸೈನಿಕರು ಸಾವಿರಾರು ಮಂದಿ. ಟಿಪ್ಪುವನ್ನು ಮರುದಿನ ಸೇನಾ ಗೌರವದೊಂದಿಗೆ ಗುಂಬಜ್‌ನಲ್ಲಿ ತಂದೆ ಹೈದರನ ಪಕ್ಕದಲ್ಲಿ ಇರಿಸಿದರು. ಅವನ ಬಂಧುಗಳ, ಸರದಾರರ ಗೋರಿಗಳೂ ಗುಂಬಜ್‌ನ ಸುತ್ತ ಇವೆ. ಮೈಸೂರಿನ ಸೆರೆಯಲ್ಲಿ 1782ರಲ್ಲಿ ಸತ್ತ ಕಂಪನಿ ಸೇನೆಯ ಕರ್ನಲ್ ಬೈಲಿಗೆ 1816ರಲ್ಲಿ ಅವನ ಸೋದರನ ಮಗ ಗುಂಬಜ್‌ನ ಸಮೀಪದಲ್ಲೇ ಸ್ಮಾರಕ ಕಟ್ಟಿಸಿದ. ಮುತ್ತಿಗೆಯಲ್ಲಿ ಬಿದ್ದ ಕಂಪನಿ ಸೇನೆಯ ಅಧಿಕಾರಿಗಳಿಗೆ 1907ರಲ್ಲಿ ಮೈಸೂರು ಸರ್ಕಾರವೇ ಕೋಟೆಯ ಬಿರುಕಿನ ಬಳಿ ಸ್ತಂಭ ನಿಲ್ಲಿಸಿತು. ಸೋತ ಸೀಮೆಯ ಸರ್ಕಾರ ಗೆದ್ದವರಿಗೆ ಕಂಬ ನೆಟ್ಟ ಆ ಕಾಲದ ರಾಜಕೀಯ ಬೇರೆಯೇ ವಿಷಯ. ಗೋಡೆ ಕಾಯುತ್ತ ಸತ್ತ ಮೈಸೂರಿನ ಸಾಮಾನ್ಯ ಸಿಪಾಯಿಗೆ ಇಡೀ ದ್ವೀಪದಲ್ಲಿ ಹೆಸರಿನ ಕಲ್ಲು ಸಿಗುವುದಿಲ್ಲ.

ಕಂಪನಿಯ ಪರವಾಗಿ ಕಾದಿದ ಸಿಪಾಯಿಗಳ ಪಾಡೂ ಇದಕ್ಕಿಂತ ಮೇಲಲ್ಲ. 1809ರ ಆಗಸ್ಟ್‌ನಲ್ಲಿ ಮದ್ರಾಸ್ ಸೇನೆಯ ಬಿಳಿಯ ಅಧಿಕಾರಿಗಳೇ ತಮ್ಮ ಸರ್ಕಾರದ ವಿರುದ್ಧ ಬಂಡೆದ್ದು ಶ್ರೀರಂಗಪಟ್ಟಣದ ಕೋಟೆ ಹಿಡಿದಿದ್ದರು. ಜಗಳದ ಮೂಲ ಭತ್ಯೆ. ಅವರ ಬೆಂಬಲಕ್ಕೆ ಚಿತ್ರದುರ್ಗದಿಂದ ನಡೆದು ಬಂದ ಸಿಪಾಯಿಗಳ ಮೇಲೆ ಊರ ಹೊರಗೆ ಸರ್ಕಾರದ ಕುದುರೆ ದಂಡು ಬಿತ್ತು. ಅಧಿಕಾರಿಗಳ ಭತ್ಯೆಯ ಜಗಳಕ್ಕೆ ಬೀದಿಯಲ್ಲಿ ಹೆಣವಾದವರು ಸಿಪಾಯಿಗಳು; ಬಂಡೆದ್ದ ಅಧಿಕಾರಿಗಳಲ್ಲಿ ಬಹುಪಾಲು ಮಂದಿಗೆ ಕ್ಷಮೆ ಸಿಕ್ಕಿತು. ಇತಿಹಾಸಕಾರರು ಇದನ್ನು ಬಿಳಿಯರ ದಂಗೆ ಎನ್ನುತ್ತಾರೆ. ಹರಿದ ರಕ್ತದ ಬಣ್ಣ ನೋಡಿದರೆ ಆ ಹೆಸರು ಅಷ್ಟೇನೂ ಹೊಂದುವುದಿಲ್ಲ.

ಸತ್ತವರಿಗೆ ಕಲ್ಲು ನಿಲ್ಲಿಸುವುದು ಈ ನೆಲಕ್ಕೆ ಯುರೋಪಿನವರು ಕಲಿಸಿದ ವಿದ್ಯೆಯಲ್ಲ. ವೀರಗಲ್ಲು, ಮಾಸ್ತಿಕಲ್ಲು, ನಿಸಿಧಿಗಲ್ಲು ಇಲ್ಲದ ಸೀಮೆ ಕರ್ನಾಟಕದಲ್ಲಿಲ್ಲ. ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವಿನ ಕಲ್ಲೊಂದು ಸಿಕ್ಕಿತು. ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತ ಕಾಳಿ ಎಂಬ ಬೇಟೆನಾಯಿಗೆ ಅದರ ಒಡೆಯ ಮಣಲೇರ ನಿಲ್ಲಿಸಿದ ಕಲ್ಲದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ ಸುದ್ದಿಯೂ ಅದೇ ಕಲ್ಲಿನಲ್ಲಿದೆ. ರಾಜನ ಸಾವೂ ನಾಯಿಯ ಸಾವೂ ಒಂದೇ ಬಂಡೆಯಲ್ಲಿ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲನ್ನು ನೋಡಿದವರು, ನಾಯಿಗೆ ಸಿಕ್ಕ ಮರ್ಯಾದೆ 1799ರ ಕಾಲಾಳಿಗೆ ಯಾಕೆ ಸಿಗಲಿಲ್ಲ ಎಂದು ಯೋಚಿಸದಿರಲಾರರು.

ಇನ್ನೊಂದು ಕಡೆ, ಶ್ರೀರಂಗಪಟ್ಟಣ ಗುರುತು ಉಳಿಸದೆ ಸತ್ತವರನ್ನು ಬೀಳ್ಕೊಡುವ ಊರೂ ಹೌದು. ಪಶ್ಚಿಮವಾಹಿನಿಯಲ್ಲಿ, ಸಂಗಮದಲ್ಲಿ, ಗೋಸಾಯಿ ಘಾಟ್‌ನಲ್ಲಿ ದಿನವೂ ಅಸ್ಥಿ ಬಿಡುವವರು, ಪಿಂಡ ಇಡುವವರು. ಮಹಾಲಯ ಅಮಾವಾಸ್ಯೆಯಂದು ಕಾಲಿಡಲು ಜಾಗವಿರುವುದಿಲ್ಲ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮವನ್ನೂ ಪಶ್ಚಿಮವಾಹಿನಿಯಲ್ಲಿ ವಿಸರ್ಜಿಸಿದರು. ಸುಟ್ಟು ಹೊಳೆಗೆ ಬಿಡುವವರಿಗೆ ಗೋರಿಯ ಹಂಗಿಲ್ಲ. ಆದರೆ ಈ ಸೀಮೆಯ ಹಳ್ಳಿಗಳಲ್ಲಿ ಹೂಳುವ ಪದ್ಧತಿಯೂ ಅಷ್ಟೇ ಹಳೆಯದು. ಹೂಳುವವರಿಗೆ ಮೂರು ಆರು ಅಡಿ ನೆಲ ಬೇಕೇ ಬೇಕು. ಅಲ್ಲಿಂದಲೇ ತಕರಾರು.

ಗ್ಯಾರಿಸನ್ ಸ್ಮಶಾನಕ್ಕೆ ಬರೋಣ. ದಂಡು ಹೋದ ಮೇಲೆ ಅಲ್ಲಿ ಹೂ ಇಡುವವರು ಇರಲಿಲ್ಲ. ಇಟ್ಟಿಗೆ ಗಾರೆಯ ಕಟ್ಟಡಕ್ಕೆ ಆಲ, ಅರಳಿಯ ಒಂದು ಬೀಜ ಸಾಕು. ಹಕ್ಕಿ ತಂದು ಹಾಕಿದ ಬೀಜ ಮೊಳೆತು ಬೇರು ಬಿಟ್ಟರೆ ಗೋರಿ ಹೋಳಾಗಲು ಕೆಲವೇ ಮಳೆಗಾಲ. ಜಾಗ ಪೊದೆ ಬೆಳೆದು ಪಾಳು ಬಿದ್ದಿತ್ತು. ಅದನ್ನು ಮೇಲೆತ್ತಿದವರು ಯಾರು? ಸ್ವಿಟ್ಜರ್ಲೆಂಡಿನಲ್ಲಿರುವ ಡಿ ಮ್ಯೂರಾನ್ ಮನೆತನದವರು. ಎರಡು ಶತಮಾನಗಳ ನಂತರ ತಮ್ಮ ಹಿರಿಯರ ರೆಜಿಮೆಂಟನ್ನು ಹುಡುಕಿಕೊಂಡು ಬಂದು, ಈ ಶತಮಾನದ ಮೊದಲ ದಶಕದಲ್ಲಿ ಕೈಯಿಂದ ಹಣ ಹಾಕಿ ದುರಸ್ತಿ ಮಾಡಿಸಿದರು. ಬಿದ್ದ ಗೋರಿಗಳು ಎದ್ದವು, ಗೋಡೆ ನಿಂತಿತು, ಕಳೆ ತೆಗೆಯಲಾಯಿತು.

ಆ ಕುಟುಂಬಕ್ಕೆ ಕೃತಜ್ಞತೆ ಸಲ್ಲಬೇಕು. ಜೊತೆಗೆ ಸ್ವಲ್ಪ ನಾಚಿಕೆಯೂ ಆಗಬೇಕು. ಚರಿತ್ರೆಯ ದಾಖಲೆಯೊಂದು ಉಳಿಯಿತೋ ಅಳಿಯಿತೋ ಎಂಬುದು ಸತ್ತವನ ಮರಿಮಕ್ಕಳು ಎಷ್ಟು ಸ್ಥಿತಿವಂತರು ಎಂಬುದರ ಮೇಲೆ ನಿಂತಿದೆ ಎಂದಾದರೆ, ಬಡ ವಂಶಸ್ಥರ ಗೋರಿಗಳ ಗತಿಯೇನು? ರಾಜ್ಯದಲ್ಲಿ ಕಂಪನಿ ಕಾಲದ ಸ್ಮಶಾನಗಳು ಇನ್ನೂ ಎಷ್ಟೋ ಇವೆ. ಎಲ್ಲದಕ್ಕೂ ಶ್ರೀಮಂತ ವಾರಸುದಾರರು ಹಡಗು, ವಿಮಾನ ಹತ್ತಿ ಬರುವುದಿಲ್ಲ. ಮದ್ರಾಸ್ ಸರ್ಕಾರ 1905ರಲ್ಲೇ ಜೂಲಿಯನ್ ಕಾಟನ್ ಎಂಬ ಅಧಿಕಾರಿಯಿಂದ ತನ್ನ ಪ್ರಾಂತ್ಯದ ಗೋರಿಗಳ ಬರಹಗಳನ್ನೆಲ್ಲ ಪಟ್ಟಿ ಮಾಡಿಸಿ ಪುಸ್ತಕವಾಗಿ ಅಚ್ಚು ಹಾಕಿಸಿತ್ತು. ಕಲ್ಲು ಒಡೆದು ಹೋದರೂ ಅದರ ಮೇಲಿದ್ದ ಮಾತು ಆ ಪುಸ್ತಕದಲ್ಲಿ ಬದುಕಿದೆ. ಎಪಿಗ್ರಾಫಿಯಾ ಕರ್ನಾಟಿಕದಂಥ ಮಹಾಕಾರ್ಯ ನಡೆದ ನಾಡಿನಲ್ಲಿ ಇಂಥ ಪಟ್ಟಿಯನ್ನು ಕನ್ನಡದಲ್ಲಿ ಮಾಡುವುದು ಭಾರದ ಕೆಲಸವಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಏಳಬೇಕು ಕೂಡ. ನಮ್ಮ ನೆಲ ಕಸಿದುಕೊಂಡವರ ಗೋರಿಗೆ ಸುಣ್ಣ ಹಚ್ಚುವ ಉಸಾಬರಿ ಯಾಕೆ? ನಮ್ಮದೇ ಹಳ್ಳಿಗಳಲ್ಲಿ ಹೆಣ ಹೂಳಲು ಜಾಗವಿಲ್ಲದೆ ಜನ ರಸ್ತೆಯಲ್ಲಿ ಹೆಣವಿಟ್ಟು ಕುಳಿತ ಸುದ್ದಿ ಬರುತ್ತಿರುವಾಗ?

ಆಕ್ಷೇಪದ ಎರಡನೆಯ ಭಾಗ ಗಂಭೀರವಾದದ್ದು. ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ಜಮೀನಿದ್ದವರು ಸ್ವಂತ ಹೊಲದ ಬದುವಿನಲ್ಲೇ ಹಿರಿಯರನ್ನು ಮಣ್ಣು ಮಾಡುತ್ತಾರೆ; ವರ್ಷಕ್ಕೊಮ್ಮೆ ಅಲ್ಲೇ ಎಡೆ ಇಡುತ್ತಾರೆ. ಜಮೀನಿಲ್ಲದವರಿಗೆ, ಅಂದರೆ ಹೆಚ್ಚಾಗಿ ದಲಿತರಿಗೆ, ಊರ ಸ್ಮಶಾನವೇ ಗತಿ. ಅದು ಎಷ್ಟೋ ಕಡೆ ಹಳ್ಳದ ಆಚೆ ಇರುತ್ತದೆ, ಹೋಗಲು ದಾರಿ ಇರುವುದಿಲ್ಲ, ಅಕ್ಕಪಕ್ಕದವರ ಬೇಲಿ ವರ್ಷ ವರ್ಷ ಒಳಸರಿಯುತ್ತಿರುತ್ತದೆ. ಮಳೆಗಾಲದಲ್ಲಿ ಎದೆಮಟ್ಟದ ನೀರಿನಲ್ಲಿ ಚಟ್ಟ ಹೊತ್ತು ದಾಟುವ ಚಿತ್ರ ಕನ್ನಡ ಪತ್ರಿಕೆಗಳ ಓದುಗರಿಗೆ ಹೊಸದಲ್ಲ. ಸ್ಮಶಾನವಿಲ್ಲದ ಗ್ರಾಮಗಳಿಗೆ ಆರು ವಾರದೊಳಗೆ ಜಾಗ ಕೊಡಿ ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಆದೇಶ ಮಾಡಿತು. ಆರು ವಾರ ಕಳೆದು ವರ್ಷಗಳೇ ಉರುಳಿದವು. ನ್ಯಾಯಾಂಗ ನಿಂದನೆಯ ಅರ್ಜಿ ಬಿದ್ದ ಮೇಲೆ ಸರ್ಕಾರ ಜಿಲ್ಲಾವಾರು ಲೆಕ್ಕ ಕೊಡಲು ಶುರು ಮಾಡಿತು. ಕಾಗದದ ಮೇಲೆ ಜಾಗ ಮಂಜೂರಾದ ಮಾತ್ರಕ್ಕೆ ಗುದ್ದಲಿ ಹಾಕಲು ಬಿಡುತ್ತಾರೆಂದು ಹಳ್ಳಿ ಬಲ್ಲವರು ಹೇಳುವುದಿಲ್ಲ.

ಆದರೂ ಇವೆರಡನ್ನೂ ಎದುರುಬದುರು ನಿಲ್ಲಿಸುವುದು ತಪ್ಪು. ಗ್ಯಾರಿಸನ್ ಸ್ಮಶಾನ ಇಂದಿಗೂ ಸ್ಮಶಾನವಾಗಿ ಉಳಿದಿದ್ದರೆ ಅದಕ್ಕೆ ಕಾರಣ ಸುತ್ತ ಗೋಡೆ ಇತ್ತು, ಯಾರನ್ನು ಎಲ್ಲಿ ಹೂಳಿದರೆಂದು ಬರೆದಿಟ್ಟಿದ್ದರು, ಎಂದೋ ಒಬ್ಬರು ಬಂದು ಆ ಬರಹ ತೋರಿಸಿ ಇದು ನಮ್ಮವರದು ಎನ್ನಲು ಸಾಧ್ಯವಾಯಿತು. ಹಳ್ಳಿಯ ದಲಿತ ಕೇರಿಯವರಿಗೆ ಇಲ್ಲದಿರುವುದು ಸರಿಯಾಗಿ ಈ ಮೂರು: ಗಡಿ, ಪುಸ್ತಕ, ಕೇಳಿದರೆ ಕಿವಿಗೊಡುವ ಅಧಿಕಾರಿ. ಪಹಣಿಯಲ್ಲಿ ಖರಾಬು ಎಂದಷ್ಟೇ ನಮೂದಾದ ನೆಲದಲ್ಲಿ ನೂರು ವರ್ಷದಿಂದ ಹೆಣ ಹೂಳಿದ್ದರೂ, ಒತ್ತುವರಿ ಮಾಡಿದವನ ಎದುರು ತೋರಿಸಲು ಕಾಗದವಿರುವುದಿಲ್ಲ. ಕಲ್ಲು ನಿಲ್ಲಿಸುವಷ್ಟು ಶಕ್ತಿ ಆ ಬಡವರಿಗೆ ಎಂದೂ ಇರಲಿಲ್ಲ. ಮಣ್ಣಿನ ದಿಬ್ಬ ಎರಡು ಮಳೆಗೆ ಕರಗುತ್ತದೆ, ಮೂರನೆಯ ವರ್ಷ ಅಲ್ಲಿ ರಾಗಿ ಬಿತ್ತಿರುತ್ತಾರೆ.

ಆಕ್ಷೇಪದ ಮೊದಲ ಭಾಗಕ್ಕೆ ಉತ್ತರ ಇನ್ನೂ ಸುಲಭ. ಅಲ್ಲಿ ಮಲಗಿದವರಲ್ಲಿ ಹೆಚ್ಚಿನವರು ಯಾರ ರಾಜ್ಯವನ್ನೂ ಕಸಿದುಕೊಂಡವರಲ್ಲ. ಬಾಣಂತಿಯರು, ಹಸುಗೂಸುಗಳು, ಸಂಬಳಕ್ಕೆ ಬಂದ ದೂರದೂರಿನ ಹುಡುಗರು. ಕಂಪನಿಯ ದಬ್ಬಾಳಿಕೆಯನ್ನು ಮಕ್ಕಳಿಗೆ ಪಾಠ ಹೇಳುವ ಮೇಷ್ಟರು ಈ ಜಾಗಕ್ಕೆ ಕರೆತಂದರೆ, ಸಾಮ್ರಾಜ್ಯವೆಂಬುದು ತನ್ನವರನ್ನೂ ಎಷ್ಟು ಅಗ್ಗವಾಗಿ ಖರ್ಚು ಮಾಡುತ್ತಿತ್ತು ಎಂಬುದನ್ನು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ತೋರಿಸಬಹುದು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಪುರಾತತ್ವ ಇಲಾಖೆ, ಪ್ರವಾಸೋದ್ಯಮ ಇಲಾಖೆ ಮತ್ತು ಪುರಸಭೆ ಕೂಡಿ ಗ್ಯಾರಿಸನ್ ಸ್ಮಶಾನದ ಪ್ರತಿ ಗೋರಿಯ ಬರಹವನ್ನು ಕನ್ನಡಕ್ಕೆ ತಂದು, ಸಂಖ್ಯೆ ಹಾಕಿ, ನಕ್ಷೆಯೊಂದಿಗೆ ಬಾಗಿಲಲ್ಲಿ ನಿಲ್ಲಿಸಬೇಕು. ಡಿ ಮ್ಯೂರಾನರ ದುರಸ್ತಿ ಹಾಳಾಗದಂತೆ ವರ್ಷಕ್ಕೆರಡು ಸಲ ಅರಳಿ ಸಸಿ ಕೀಳಿಸಬೇಕು. ಮೈಸೂರಿನ ಪರವಾಗಿ ಮೇ 4ರಂದು ಮಡಿದ ಹೆಸರಿಲ್ಲದವರಿಗೂ ಅದೇ ಊರಿನಲ್ಲಿ ಒಂದು ಕಲ್ಲು ಏಳಬೇಕು, ಆತಕೂರಿನ ಶಾಸನದಂತೆ ಕನ್ನಡದಲ್ಲೇ. ಇನ್ನು ಹಳ್ಳಿಗಳ ವಿಷಯ ಇಲಾಖೆಗೆ ಬಿಟ್ಟರೆ ಆಗುವುದಲ್ಲ. ಓದುಗರು ಮುಂದಿನ ಗ್ರಾಮಸಭೆಯಲ್ಲಿ ತಮ್ಮೂರ ಸ್ಮಶಾನದ ಸರ್ವೆ ನಂಬರು ಯಾವುದು, ವಿಸ್ತೀರ್ಣವೆಷ್ಟು, ಹದ್ದುಬಸ್ತು ಆಗಿದೆಯೇ, ಹೋಗುವ ದಾರಿ ಯಾರ ಹೆಸರಿನಲ್ಲಿದೆ ಎಂದು ಕೇಳಲಿ. ಬಂದ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ಇಸಿದುಕೊಂಡೇ ಮನೆಗೆ ಹೋಗಲಿ.